ನೀರು ಕೊಟ್ಟ ಕೈ

ಒಂಬತ್ತು ದಿನ ನಾನು ಆ ಎಸ್ಟೇಟ್ ಲೈನಿನ ಜನರನ್ನು ಮನಸಾರೆ ದ್ವೇಷಿಸಿದೆ. ಅವರೇನು ಕಡಿಮೆ ಇರಲಿಲ್ಲ. ‘ಬಂದ್ಲು ನೋಡ್ರೇ ಕೋಳಿ ನರ್ಸು’ ಎಂದು ಕೂಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಹಕ್ಕಿಜ್ವರದ ಸುದ್ದಿ ದಿನಾ ಪೇಪರಿನಲ್ಲಿ ಬರುತ್ತಿದ್ದ ಕಾಲ. ನಾನು ಆಲೂರು ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ನರ್ಸು. ಕೆ. ಹೊಸಕೋಟೆ ಕಡೆಯ ಆ ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಕೋಳಿಗಳು ಒಂದೇ ವಾರದಲ್ಲಿ ತೂಕಡಿಸಿ ತೂಕಡಿಸಿ ಸತ್ತವು. ಸತ್ತ ಕೋಳಿ ಮುಟ್ಟಿದವರನ್ನೆಲ್ಲ ಹತ್ತು ದಿನ ನೋಡಬೇಕು, ಜ್ವರವೋ ಕೆಮ್ಮೋ ಕಂಡರೆ ಅವತ್ತೇ ಹಾಸನಕ್ಕೆ ಸಾಗಿಸಬೇಕು, ತಡವಾದರೆ ಜೀವ ಹೋಗುತ್ತದೆ ಎಂದರು ಮೇಲಿನವರು. ಹೇಳಿ ಜೀಪು ಹತ್ತಿ ಹೋದರು. ನನಗೆ ಉಳಿದದ್ದು ಒಂದು ಥರ್ಮಾಮೀಟರು, ನಾಲ್ಕು ಮಾಸ್ಕು.

ಮೊದಲ ದಿನ ಮನೆಮನೆಗೂ ಹೋಗಿ ‘ನಿಮ್ಮ ಕೋಳಿ ಸತ್ತಿದಾವಾ?’ ಎಂದು ಕೇಳಿ ಪಟ್ಟಿ ಮಾಡಿದೆ. ಉಳಿದ ಕೋಳಿಗಳನ್ನೂ ಹಿಡಿದು ಕೊಲ್ಲುತ್ತಾರೆಂಬ ಭಯಕ್ಕೆ ಅರ್ಧ ಜನ ಸುಳ್ಳು ಹೇಳಿದರು. ಗೊಬ್ಬರದ ಗುಂಡಿಯಲ್ಲಿದ್ದ ಪುಕ್ಕ ತೋರಿಸಿ, ಜಗಳವಾಡಿ ಹೆಸರು ಬರೆದುಕೊಂಡೆ. ಕೂಲಿಯವರ ಹಾಜರಿ ಬರೆಯುವ ರೈಟರ್‌ನ ಹೆಂಡತಿ ಮಾತ್ರ ತಾನೇ ಮುಂದೆ ಬಂದು ತಮ್ಮ ಕೋಳಿ ಸತ್ತಿವೆಯೆಂದು ಹೆಸರು ಬರೆಸಿದಳು. ಲೈನಿನವರಿಗಿಂತ ತಾನು ತಿಳಿದವಳೆಂದು ತೋರಿಸಬೇಕಲ್ಲ!

ಕೊನೆಯ ಮನೆಯ ಸೊಸೆಯೊಬ್ಬಳೇ ನನ್ನನ್ನು ಬೈಯಲಿಲ್ಲ. ‘ನಮ್ದು ಕೋಳಿ ಇಲ್ಲ ಕಣಕ್ಕ, ಕೂತ್ಕೊ’ ಎಂದು ದಿನಾ ಚೆಂಬಿನಲ್ಲಿ ನೀರು ಕೊಡುತ್ತಿದ್ದಳು. ಆರನೇ ದಿನ ಕೆಮ್ಮುತ್ತಿದ್ದಳು. ಏನೇ ಅದು ಎಂದೆ. ‘ಥಂಡಿ ಆಗ್ಬುಟ್ಟೈತೆ’ ಅಂದಳು. ಥರ್ಮಾಮೀಟರು ಚೀಲದಲ್ಲೇ ಇತ್ತು. ಅವಳು ಪಟ್ಟಿಯಲ್ಲಿರಲಿಲ್ಲ, ನನಗೂ ಜಗಳವಾಡಿ ಸಾಕಾಗಿತ್ತು. ಶುಂಠಿ ಕಷಾಯ ಕುಡಿ ಎಂದು ಎದ್ದುಬಂದೆ. ಮುಂದಿನ ಎರಡು ದಿನವೂ ಅವಳು ಕೆಮ್ಮುತ್ತಲೇ ನೀರು ಕೊಟ್ಟಳು.

ಒಂಬತ್ತನೇ ದಿನ ಹೋದಾಗ ಅವಳು ಉಸಿರಿಗೆ ಒದ್ದಾಡುತ್ತಿದ್ದಳು. ಎಸ್ಟೇಟ್ ಜೀಪಿಗೆ ಹತ್ತಿಸುವಾಗ ಅವಳ ಅತ್ತೆ ಅಂದಳು: ‘ಸತ್ತ ಕೋಳಿನೆಲ್ಲ ಬರಿಗೈಲಿ ಹೊತ್ತು ಹೂತೋಳು ಇವ್ಳೇ ಕಣವ್ವ.’

‘ಕೋಳಿನೇ ಇಲ್ಲ ಅಂದ್ರಲ್ಲ!’ ಎಂದು ಕಿರುಚಿದೆ.

‘ನಮ್ದಲ್ಲ. ರೈಟರ್ ಮನೆಯವು. ನಾವು ಪಾಲಿಗೆ ಸಾಕಿದ್ವು.’

ಪಾಲಿಗೆ! ಕೋಳಿ ಒಬ್ಬರದು, ಸಾಕುವವರು ಇನ್ನೊಬ್ಬರು, ಮರಿಯಾದರೆ ಅರ್ಧರ್ಧ. ನಮ್ಮೂರು ಮಗ್ಗೆಯಲ್ಲಿ ನನ್ನ ಅವ್ವ ಜೀವನವಿಡೀ ಹಾಗೇ ಸಾಕಿದವಳು. ಆ ಗೂಡು ಗುಡಿಸಿಕೊಂಡೇ ಬೆಳೆದ ನಾನು, ಕೋಳಿ ಯಾರದೆಂದು ಕೇಳಿದೆನೇ ಹೊರತು ಯಾರು ಮುಟ್ಟಿದರೆಂದು ಕೇಳಲಿಲ್ಲ. ಒಂದು ಪುಕ್ಕವನ್ನೂ ಮುಟ್ಟದ ರೈಟರ್ ಹೆಂಡತಿಯ ಕಂಕುಳಿಗೆ ದಿನಾ ಥರ್ಮಾಮೀಟರು ಇಟ್ಟಿದ್ದೆ.

ಹಾಸನದಲ್ಲಿ ಎರಡೇ ದಿನಕ್ಕೆ ಅವಳು ಹೋಗಿಬಿಟ್ಟಳು. ಆಮೇಲೆ ಬಂದ ವರದಿಯಲ್ಲಿ ಹಕ್ಕಿಜ್ವರವಲ್ಲ, ನ್ಯುಮೋನಿಯಾ ಎಂದಿತ್ತು. ಕೋಳಿಗಳಿಗೆ ಬಂದಿದ್ದೂ ಮಾಮೂಲಿ ಕೊಕ್ಕರೆ ರೋಗ. ‘ಸದ್ಯ, ನಮ್ಮ ತಲೆಗೆ ಬರಲಿಲ್ಲ’ ಎಂದರು ಅವತ್ತು ಜೀಪಿನಲ್ಲಿ ಬಂದಿದ್ದ ಸಾಹೇಬರು. ಪಟ್ಟಿ ಬರೆದ ರಿಜಿಸ್ಟರನ್ನು ಅವರ ಮುಖಕ್ಕೇ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಒಂದು ಗಳಿಗೆ ನನಗೂ ಹಗುರಾಗಿತ್ತು, ಅದಕ್ಕೆ ನನ್ನ ಮೇಲೇ ಅಸಹ್ಯವಾಯಿತು.

ತಿಂಗಳ ಮೇಲೆ ಪೋಲಿಯೊ ಹನಿ ಹಾಕಲು ಲೈನಿಗೆ ಹೋದೆ. ಬೈಯುತ್ತಿದ್ದವರೆಲ್ಲ ಬಾಗಿಲು ತೆಗೆದರು. ಕೊನೆಯ ಮನೆಯ ಅತ್ತೆ ಜಗಲಿಯಿಂದ ಏಳಲಿಲ್ಲ.

‘ದಿನಾ ಅವ್ಳ ಕೈಯಿಂದ್ಲೇ ನೀರು ಇಸ್ಕೊಂಡು ಕುಡ್ದೆ’ ಅಂದಳು. ‘ಆ ಕೈ ಸುಡ್ತಿದ್ದಿದ್ದು ಗೊತ್ತಾಗ್ಲಿಲ್ವ ನಿಂಗೆ?’