ಮೊರಬದ ಆಟದ ಅಕ್ಕೋರು

"ನಮ್ಮವ್ವ ದಿನಾ ಮುಂಜಾನೆದ್ದು ಬಡೀತಾಳ್ರಿ. ಚಂಜಿ ಮುಂದನೂ ಬಡೀತಾಳ. ಮನಿಗೆ ಬೀಗರು ಬಂದ್ರಂತೂ ಅಗದಿ ಭಾಳ ಬಡೀತಾಳ."

ನಾನು ಹುಬ್ಬಳ್ಳಿ ಕಡೆಯ ಈ ಮೊರಬಕ್ಕೆ ಬಂದ ಮೊದಲ ವಾರ, ಎದುರಿಗೆ ಚಾಪೆಯ ಮೇಲೆ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ಇಷ್ಟನ್ನೂ ನಗುನಗುತ್ತಾ ಹೇಳಿದಳು. ಬೀಗರ ಮುಂದೆ ಮಗುವನ್ನು ಇನ್ನಷ್ಟು ಹೊಡೆಯುವ ತಾಯಿ ಎಂಥವಳಿರಬಹುದು? ದನಿ ಏರದ ಹಾಗೆ ನೋಡಿಕೊಂಡು, "ಯಾವುದರಲ್ಲಿ ಹೊಡೀತಾರೆ ಪುಟ್ಟಿ?" ಎಂದು ಕೇಳಿದೆ.

"ಕೈಲೆರಿ. ಎರಡೂ ಕೈಲೆ."

"ನಿಂಗೆ ನೋವಾಗಲ್ವಾ?"

"ನನಗ್ಯಾಕ ನೋವಾಗತೈತ್ರಿ? ಅವ್ವನ ಕೈ ನೋಯತಾವ." ಹೀಗೆಂದವಳೇ ಮುಂದಿದ್ದ ಜೇಡಿಮಣ್ಣಿನ ಉಂಡೆಯನ್ನು ನೆಲಕ್ಕೆ ಹಾಕಿ, ಅಂಗೈಯಿಂದ ಪಟಪಟ ಬಡಿದು, ತಿರುಗಿಸಿ ತಿರುಗಿಸಿ ಅಗಲ ಮಾಡಿ ನನ್ನ ಮುಂದಿಟ್ಟಳು. ಜೋಳದ ರೊಟ್ಟಿ.

ನಂಜನಗೂಡಿನ ನನ್ನವರೇ, ನಮ್ಮಲ್ಲಿ ರೊಟ್ಟಿಯನ್ನು ತಟ್ಟುತ್ತೇವೆ. ಇಲ್ಲಿ ಬಡಿಯುತ್ತಾರೆ. ಅಷ್ಟೇ ವಿಷಯ. ಅಂದು ಸಂಜೆ ನನಗೆ ಬಾಡಿಗೆಗೆ ಕೋಣೆ ಕೊಟ್ಟಿರುವ ಗಿರಿಜವ್ವನಿಗೆ ಈ ಕಥೆ ಹೇಳಿದ್ದೇ ತಪ್ಪಾಯಿತು. ಆಕೆ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡು, ನೀರಿಗೆ ಬಂದವರಿಗೆಲ್ಲ ಹೇಳಿ, ವಾರದೊಳಗೆ ಇಡೀ ಓಣಿ ನನ್ನನ್ನು ನೋಡಿ ನಗುವ ಹಾಗೆ ಮಾಡಿದಳು. ಒಂದೇ ಭಾಷೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವುದಕ್ಕೂ ವಲಸೆ ಎನ್ನಬಹುದೇ ಎಂದು ನೀವು ಕೇಳಬಹುದು. ಬಂದು ನೋಡಿ.

ನನ್ನ ಕೆಲಸ ಏನೆಂದು ಊರಲ್ಲೂ ಅನೇಕರಿಗೆ ಗೊತ್ತಿಲ್ಲ, ಇಲ್ಲಿಯೂ ಇಲ್ಲ. ಮನಸ್ಸಿಗೆ ಪೆಟ್ಟು ಬಿದ್ದ ಮಕ್ಕಳ ಜೊತೆ ಆಟವಾಡುವುದು ನನ್ನ ಕೆಲಸ. ದೊಡ್ಡವರು ಬಾಯಲ್ಲಿ ಹೇಳುವುದನ್ನು ಮಕ್ಕಳು ಆಟದಲ್ಲಿ ತೋರಿಸುತ್ತಾರೆ. ಮರಳು, ಮಣ್ಣು, ಬಣ್ಣ, ಬಟ್ಟೆಯ ಗೊಂಬೆಗಳು, ಒಂದಷ್ಟು ಪಾತ್ರೆ ಪಡಗ ಇಟ್ಟು ಮಗುವನ್ನು ಅದರ ಪಾಡಿಗೆ ಬಿಟ್ಟು ಪಕ್ಕದಲ್ಲಿ ಕೂರುತ್ತೇನೆ. ಆಮೇಲೆ ಮನೆಯವರನ್ನೂ ಕರೆದು ಕೂರಿಸುತ್ತೇನೆ. ಒಂದು ಸಣ್ಣ ಸಂಸ್ಥೆ ಶಾಲೆಯ ಹಿಂದಿನ ಖಾಲಿ ಕೋಣೆಯೊಂದನ್ನು ಇದಕ್ಕೆಂದು ಹೊಂದಿಸಿಕೊಟ್ಟಿದೆ. ಇಲ್ಲಿ ಟೀಚರಿಗೆ ಅಕ್ಕೋರು ಅನ್ನುತ್ತಾರೆ. ನಾನು ಆಟದ ಅಕ್ಕೋರು ಆದೆ.

"ಮಕ್ಕಳನ್ನ ಆಡಸಾಕೂ ಒಬ್ಬರು ಬೇಕೇನ್ರಿ?" ಎಂದು ಗಿರಿಜವ್ವ ಮೊದಮೊದಲು ಕೇಳಿದ್ದಳು. "ನಮ್ಮ ಕಾಲಕ್ಕ ಹೊರಗ ದಬ್ಬಿ ಬಾಗಲಾ ಹಾಕತಿದ್ರು. ತಾವ ಆಡತಿದ್ವು." ಉತ್ತರ ಕೊಡಲು ಹೋಗಿ ನಾನು ಅರ್ಧದಲ್ಲೇ ಸುಸ್ತಾದೆ. ಆಕೆ ಒಂದು ತಟ್ಟೆ ಅವಲಕ್ಕಿ ತಂದಿಟ್ಟಳು.

ಸುಸ್ತು ಎನ್ನುವುದು ಇಲ್ಲಿ ಮಣ್ಣಿನಿಂದಲೇ ಶುರುವಾಗುತ್ತದೆ. ನಮ್ಮ ಕೆಂಪು ಮಣ್ಣು ಮಳೆ ಬಂದರೆ ಕಾಲಿಗೆ ಅಂಟುತ್ತದೆ, ತೊಳೆದರೆ ಹೋಗುತ್ತದೆ. ಇಲ್ಲಿಯ ಎರೆ ಮಣ್ಣು ಚಪ್ಪಲಿಯನ್ನು ಕಿತ್ತಿಟ್ಟುಕೊಳ್ಳುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬಿರುಕು ಬಿಟ್ಟು, ಧೂಳಾಗಿ, ಗೊಂಬೆಗಳ ಕಣ್ಣೊಳಗೂ ಕೂರುತ್ತದೆ. ಕಣ್ಣು ಹಾಯುವಷ್ಟು ದೂರ ಬಯಲು. ಒಂದು ತೆಂಗಿನಮರ ಕಂಡರೆ ಸಾಕು ಎಂದು ನಾನು ಬಸ್ಸಿನ ಕಿಟಕಿಯಿಂದ ಹುಡುಕಿದ್ದುಂಟು. ಬೋರಿನ ನೀರು ಉಪ್ಪು, ಅದರಲ್ಲಿ ಬೇಳೆ ಬೇಯುವುದಿಲ್ಲ. ಕುಡಿಯುವುದಕ್ಕೆ ಕೆರೆಯ ನೀರೇ ಆಗಬೇಕು. ಮುದ್ದೆ ನುಂಗಿ ಬೆಳೆದ ನನಗೆ ಖಡಕ್ ರೊಟ್ಟಿಯನ್ನು ಅಗಿದು ಅಗಿದು ದವಡೆ ನೋಯುತ್ತಿತ್ತು. ಈಗ ನೋಯುವುದಿಲ್ಲ. ಗುರೆಳ್ಳು ಚಟ್ನಿ ಇಲ್ಲದಿದ್ದರೆ ಊಟವಾದಂತೆ ಅನ್ನಿಸುವುದೂ ಇಲ್ಲ. ಗೆದ್ದದ್ದು ಅಂತ ಹೇಳಿಕೊಳ್ಳುವುದಕ್ಕೆ ಇಷ್ಟಿದೆ.

ಮಿಕ್ಕಂತೆ ಒಂಟಿತನ. ದಿನವಿಡೀ ಬೇರೆಯವರ ಮಕ್ಕಳ ಸಂಕಟವನ್ನು ಕೇಳಿ ಕೋಣೆಗೆ ಬಂದರೆ, ನನ್ನದನ್ನು ಹೇಳಿಕೊಳ್ಳಲು ನನ್ನ ಮಾತಿನ ಧಾಟಿಯವರು ಒಬ್ಬರೂ ಇಲ್ಲ. ಇಲ್ಲಿಯವರು ಒಳ್ಳೆಯವರು. ಆದರೆ ಅವರ ಪ್ರೀತಿಯೂ ಮೊದಲು ಗದರಿಕೆಯ ಹಾಗೆ ಕೇಳಿಸುತ್ತದೆ. "ಯಾಕ ಸೊರಗೀರಿ? ಉಣ್ಣೂದಿಲ್ಲೇನು?" ಎಂದು ಯಾರಾದರೂ ಕೇಳಿದರೆ, ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ನಿಲ್ಲುತ್ತಿದ್ದೆ.

ಭಾಗ್ಯಾ ಬಂದದ್ದು ಈ ವರ್ಷ. ಎರಡನೇ ಇಯತ್ತೆಯ ಹುಡುಗಿ, ಎಂದರೆ ಎರಡನೇ ಕ್ಲಾಸು. ಶಾಲೆಯಲ್ಲಿ ಬಾಯಿ ಬಿಡುವುದಿಲ್ಲ ಎಂದು ಟೀಚರು ಕಳಿಸಿದ್ದರು. ನನ್ನ ಕೋಣೆಯಲ್ಲೂ ವಾರಗಟ್ಟಲೆ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿ, ಮತ್ತೆ ಮಲಗಿಸಿ, ಹೊತ್ತು ಕಳೆದು ಹೋಗುತ್ತಿದ್ದಳು. ಕೊನೆಗೆ ಒಂದು ದಿನ ಮಣ್ಣನ್ನು ಕೈಗೆ ತೆಗೆದುಕೊಂಡು, ನನ್ನ ಕಡೆ ನೋಡದೆ ಹೇಳಿದಳು:

"ಅವ್ವ ಬಡೀತಾಳ್ರಿ."

ಅಂತೂ ಮಾತಾಡಿದಳಲ್ಲ ಎಂದು ನನಗೆ ಹಿಗ್ಗು. ಅದಕ್ಕಿಂತ ಹೆಚ್ಚಾಗಿ, ಈ ಸಲ ನಾನು ಮೋಸ ಹೋಗಲಿಲ್ಲ ಎಂಬ ಜಂಬ. ಇಲ್ಲಿಯವಳೇ ಆಗಿಬಿಟ್ಟವಳ ಹಾಗೆ ಒಂದು ಉಂಡೆ ಮುರಿದುಕೊಂಡು, "ಹೌದಾ? ಎಷ್ಟು ಬಡೀತಾಳ? ನಾನೂ ಬಡೀಲೇನು?" ಎಂದು ಪಟಪಟ ರೊಟ್ಟಿ ಮಾಡತೊಡಗಿದೆ. ಭಾಗ್ಯಾ ನನ್ನ ಕೈಯನ್ನೇ ನೋಡಿದಳು. ತನ್ನ ಮಣ್ಣನ್ನು ಮೆಲ್ಲಗೆ ಕೆಳಗಿಟ್ಟಳು. ತಾಯಿಗೊಂಬೆಯನ್ನು ಎತ್ತಿ, ಅದರ ಎರಡೂ ತೋಳುಗಳನ್ನು ಹಿಂದಕ್ಕೆ ಮಡಚಿ, ದಾರದಿಂದ ಬಿಗಿಯಾಗಿ ಸುತ್ತತೊಡಗಿದಳು. ನನ್ನ ಕೈ ನಿಂತುಹೋಯಿತು.

ಈ ಭಾಷೆಯನ್ನು ಕಲಿಯದೇ ಇದ್ದಿದ್ದರೆ ನಾನು ಆ ಮಾತನ್ನು ಸರಿಯಾಗಿ ಕೇಳುತ್ತಿದ್ದೆ. ಅಂದಿನ ಮಟ್ಟಿಗೆ ನನಗೆ ಈ ಊರೂ ಬೇಡವೆನಿಸಿತು, ಈ ಕೆಲಸವೂ ಬೇಡವೆನಿಸಿತು. ಸಂಸ್ಥೆಯ ಹಿರಿಯರಿಗೆ ಫೋನ್ ಮಾಡಿ ಹೇಳಿದೆ. ಮೊದಲು ತಾಯಿಯನ್ನು ಕರೆಸಿ ಮಾತಾಡಿ, ಹುಡುಗಿಯ ಮೇಲೆ ಕಣ್ಣಿಡಿ ಎಂದರು. ತಾಯಿಗೆ ಸಿಟ್ಟು ಬಂದರೆ ಭಾಗ್ಯಾ ಮತ್ತೆ ಈ ಬಾಗಿಲಿಗೆ ಬರುವುದಿಲ್ಲ, ಮನೆಯಲ್ಲಿ ಇನ್ನೆರಡು ಏಟು ಹೆಚ್ಚು ಬಿದ್ದಾವು ಎಂಬ ಹೆದರಿಕೆಯಲ್ಲೇ ಕರೆಸಿದೆ.

ತಾಯಿ ಮಹಾದೇವಿ ಬಂದಳು. ನನಗಿಂತ ಚಿಕ್ಕವಳು. ಗಂಡ ಹುಬ್ಬಳ್ಳಿಯಲ್ಲಿ ಗೋದಾಮಿನ ಕೆಲಸದಲ್ಲಿದ್ದಾನೆ, ಬರುವುದು ಅಪರೂಪ. ಮನೆ, ಹೊಲ, ಅತ್ತೆ, ಮಾವ, ಮೈದುನರು ಎಲ್ಲ ಇವಳ ತಲೆಯ ಮೇಲೆ. ನಾನು ಸುತ್ತಿ ಬಳಸಿ ಮಾತು ಹುಡುಕುತ್ತಿದ್ದೆ. ಆಕೆ ನಡುವೆಯೇ ತಡೆದಳು.

"ಹೌದ್ರಿ, ಬಡಿತೀನಿ. ರೊಟ್ಟಿನೂ ಬಡಿತೀನಿ, ಇಕಿನ್ನೂ ಬಡಿತೀನಿ. ಎರಡೂ ಒಂದ ಹೊತ್ತಿನ್ಯಾಗ ಬರತಾವ."

ನಾನು ಕೇಳುವ ಮೊದಲೇ ಮುಂದುವರಿಸಿದಳು.

"ನಮ್ಮೂರು ತಂಬೂರ ರಿ, ಕಲಘಟಗಿ ಕಡೆ. ಮನಿ ಹಿಂದ ಭತ್ತದ ಗದ್ದಿ. ಅನ್ನಾ ಉಂಡು ಬೆಳೆದಾಕಿ ನಾ, ರೊಟ್ಟಿ ಕೈಗೆ ಬರತಿದ್ದಿಲ್ಲ. ಲಗ್ನಾಗಿ ಇಲ್ಲಿ ಬಂದಾಗ ನಾ ಮಾಡಿದ ರೊಟ್ಟಿ ಎತ್ತಿ ಎತ್ತಿ ತೋರಿಸಿ ನಗತಿದ್ರು. ಈಗ ಬರತಾವ್ರಿ, ತೆಳ್ಳಗ. ಆದ್ರ ಒಲಿ ಮುಂದ ಕುಂತ್ರ ಆ ಸಿಟ್ಟು ಬರತೈತಿ. ಇಕಿ ಅಲ್ಲೇ ಬಾಜು ಕುಂತಿರತಾಳ." ಕಾಲ ಬೆರಳಿನಿಂದ ಚಾಪೆಯ ಅಂಚನ್ನು ಕೆದಕಿದಳು. "ತವರಿಗೆ ಹ್ವಾದ್ರ ಮೊರಬದಾಕಿ ಬಂದ್ಲು ಅಂತಾರ. ಇಲ್ಲಿ ಇನ್ನೂ ತಂಬೂರದಾಕಿ ಅಂತಾರ."

ನಾನು ನಂಜನಗೂಡಿನಿಂದ ಬಂದದ್ದನ್ನು ದೊಡ್ಡ ಪಯಣ ಅಂದುಕೊಂಡಿದ್ದೆ. ಇದೇ ಜಿಲ್ಲೆಯ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಬಂದ ಇವಳ ವಲಸೆಯ ಬಗ್ಗೆ ಯಾರೂ ಕೇಳಿರಲಿಲ್ಲ. ಹಾಗೆಂದು ಏಟು ಏಟಲ್ಲದೆ ಹೋಗುವುದಿಲ್ಲ. ಅದನ್ನೂ ಹೇಳಿದೆ. ನನ್ನ ಕೋಣೆಯಲ್ಲಿ ಒಂದೇ ಒಂದು ಕಟ್ಟಳೆ ಇದೆ: ಮಣ್ಣಿಗೆ ಬಡಿಯಬಹುದು, ಮನುಷ್ಯರಿಗೆ ಬಡಿಯಬಾರದು. ಮುಂದಿನ ವಾರದಿಂದ ತಾಯಿ ಮಗಳಿಬ್ಬರೂ ಒಟ್ಟಿಗೆ ಬರಬೇಕು ಎಂದೆ. ಬರುತ್ತಾಳೆಂಬ ನಂಬಿಕೆ ನನಗಿರಲಿಲ್ಲ.

ಬಂದಳು. ಮೊದಲ ದಿನ ಇಬ್ಬರೂ ಗೋಡೆಗೊಬ್ಬರು ಒರಗಿ ಕೂತರು. ಮೂರನೆಯದೋ ನಾಲ್ಕನೆಯದೋ ಸಲ ಭಾಗ್ಯಾ ಮಣ್ಣಿನ ಉಂಡೆಯೊಂದನ್ನು ತಳ್ಳುತ್ತಾ ತಳ್ಳುತ್ತಾ ತಾಯಿಯ ಮೊಣಕಾಲಿಗೆ ಮುಟ್ಟಿಸಿ, ಚಟ್ಟನೆ ಹಿಂದೆ ಸರಿದಳು. ಮಹಾದೇವಿ ಅದರಲ್ಲೊಂದು ಆಕಳು ಮಾಡಿಕೊಟ್ಟಳು. ಚಂದದ ಆಕಳು. ಭಾಗ್ಯಾ ಮಾತಾಡಲಿಲ್ಲ, ಆದರೆ ಅದಕ್ಕೆ ಹುಲ್ಲು ತರಲು ಹೊರಗೆ ಓಡಿದಳು. ಇಂಥ ದಿನಗಳು ಬಂದವು, ಮತ್ತೆ ಕೆನ್ನೆ ಕೆಂಪಗಾದ ದಿನಗಳೂ ಬಂದವು. ಹಿರಿಯರಿಗೆ ಮತ್ತೆ ಹೇಳಿದೆ, ಮಹಾದೇವಿಗೂ ಕಟುವಾಗಿಯೇ ಹೇಳಿದೆ. ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ. ಈ ಕೆಲಸದಲ್ಲಿ ಗೆದ್ದೆ ಎಂದು ಹೇಳಿಕೊಳ್ಳುವಂಥದ್ದು ಸಿಗುವುದೇ ಇಲ್ಲ. ಅದೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ದಣಿಸುತ್ತದೆ.

ಕಳೆದ ತಿಂಗಳು ಊರಿನಲ್ಲಿ ನನ್ನ ಅಕ್ಕನ ಮಗುವಿನ ನಾಮಕರಣವಿತ್ತು. ಹಿಂದಿನ ದಿನ ಮಧ್ಯಾಹ್ನ ಬಸ್ಸು ಹಿಡಿದು, ಹುಬ್ಬಳ್ಳಿಯಿಂದ ರೈಲು ಹತ್ತಿ, ಬೆಳಗಾಗುವಷ್ಟರಲ್ಲಿ ಮನೆ ಸೇರುವುದೆಂದು ಲೆಕ್ಕ ಹಾಕಿದ್ದೆ. ಬ್ಯಾಗು ಹೆಗಲಿಗೆ ಹಾಕಿ ಆಟದ ಕೋಣೆಗೆ ಬೀಗ ಹಾಕುತ್ತಿದ್ದೆ. ಮಹಾದೇವಿ ಒಬ್ಬಳೇ ಬಂದಳು. ಎರಡೂ ಕೈಗೆ ಹಿಟ್ಟು ಮೆತ್ತಿ ಒಣಗಿತ್ತು.

"ಇವತ್ತ ಮತ್ತ ಕೈ ಎತ್ತಿದ್ನಿರಿ," ಎಂದಳು. "ಬಡೀಲಿಲ್ಲ. ಎತ್ತಿದ ಕೈ ಎಲ್ಲಿ ಇಡಬೇಕಂತ ತಿಳೀಲಿಲ್ಲ. ಅದಕ ಹಂಗ ಎದ್ದ ಬಂದೆ."

"ಭಾಗ್ಯಾ?"

"ನಮ್ಮತ್ತಿ ಕಡೆ ಅದಾಳ. ಆಡಾಕತ್ತಾಳ." ಆಗ ಆಕೆ ನನ್ನ ಬ್ಯಾಗು ನೋಡಿದಳು. "ಊರಿಗೆ ಹೊಂಟಿದ್ರೇನ್ರಿ? ಹೋಗ್ರಿ ಹಂಗಾರ. ನಾ ಮತ್ತ ಬರತೀನಿ."

ಮತ್ತೆ ಬರುತ್ತಾಳೋ ಇಲ್ಲವೋ. ನಾನು ಬೀಗ ತೆಗೆದೆ. ಮಣ್ಣಿನ ಬುಟ್ಟಿಯನ್ನು ಎಳೆದು ಆಕೆಯ ಮುಂದಿಟ್ಟು, ಪಕ್ಕದಲ್ಲಿ ಕೂತೆ. ಆಕೆ ಬಡಿದಳು. ರೊಟ್ಟಿಯನ್ನೂ ಮಾಡಲಿಲ್ಲ, ಆಕಳನ್ನೂ ಮಾಡಲಿಲ್ಲ, ಸುಮ್ಮನೆ ಬಡಿದಳು. ನಡುವೆ ಅತ್ತಳು. ರೈಲಿಗೆ ಹೊಂದುವ ಕೊನೆಯ ಬಸ್ಸು ಶಾಲೆಯ ಮುಂದೆ ಹಾರ್ನ್ ಹೊಡೆದು ಹೋದದ್ದು ನನಗೆ ಕೇಳಿಸಿತು. ಎದ್ದು ಹೋಗಬೇಕೆಂದು ಅನ್ನಿಸಲಿಲ್ಲ ಎಂದರೆ ಸುಳ್ಳು. ಆಕೆ ಕೈ ತೊಳೆದುಕೊಂಡು ಮನೆಗೆ ಹೋಗುವಷ್ಟರಲ್ಲಿ ಕತ್ತಲಾಗಿತ್ತು. ನಾನು ಗಿರಿಜವ್ವನ ಮನೆಗೆ ಬಂದು ಬ್ಯಾಗು ಇಳಿಸಿ, ಅಕ್ಕನಿಗೆ ಫೋನ್ ಮಾಡಬೇಕೆಂದು ಅಂದುಕೊಳ್ಳುತ್ತಲೇ ನಿದ್ದೆ ಹೋದೆ.

ಬೆಳಗ್ಗೆ ಎಬ್ಬಿಸಿದ್ದು ಅಕ್ಕನ ಫೋನೇ.

"ಎಲ್ಲಿದ್ದೀಯೇ?"

"ಊರಲ್ಲೇ ಇದ್ದೀನಕ್ಕ," ಎಂದೆ, ನಿದ್ದೆಗಣ್ಣಿನಲ್ಲಿ.

"ಬಂದ್ಬಿಟ್ಯಾ? ಬಸ್ ಸ್ಟ್ಯಾಂಡ್ ಹತ್ರಾನೇ ಇರು, ಇವರನ್ನ ಗಾಡಿ ತಗೊಂಡು ಕಳಿಸ್ತೀನಿ," ಎಂದು ಅಕ್ಕ ಆಚೆ ತಿರುಗಿ ಭಾವನನ್ನು ಕೂಗಿದಳು. ಹಿಂದೆ ಮಗು ಅಳುತ್ತಿತ್ತು, ಯಾರೋ ನಗುತ್ತಿದ್ದರು. ನಾನು ಊರೆಂದದ್ದು ಮೊರಬವನ್ನು ಎಂದು ಹೇಳುವುದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಅಲ್ಲಿ ಗಾಡಿ ಸ್ಟಾರ್ಟ್ ಆದ ಸದ್ದು ಕೇಳಿಸಿತು.