ಘೋಣಸಗಿಗೆ ಬಂದ ತಿಮಿಂಗಿಲ

೧೯೬೦ರ ಆಜೂಬಾಜು ನಾ ಬಬಲೇಶ್ವರದ ದನದ ದವಾಖಾನಿಯೊಳಗ ಕಂಪೌಂಡರ್ ಇದ್ದೆ. ಒಂದಿನ ಮುಂಜಾನೆ ಘೋಣಸಗಿಯಿಂದ ಸುದ್ದಿ ಬಂತು. ಸಿದ್ದವ್ವ ಅನ್ನಾಕಿಯ ಎಮ್ಮಿ ಈಯಾಕತ್ತಿತ್ತು, ಆದ್ರ ಕರುವಿನ ಹಿಂಗಾಲು ಮೊದಲು ಹೊರಗ ಬಂದಿದ್ದುವು. ಡಾಕ್ಟರು ರಜಾದ ಮ್ಯಾಲಿದ್ರು. ಸೈಕಲ್ ತುಳಕೊಂಡು ನಾನ ಹೋದೆ.

ಕಾಲಿಗೆ ಹಗ್ಗಾ ಕಟ್ಟಿ ತಡಾ ಮಾಡದ ಎಳೀಬೇಕಿತ್ತು. ಸಿದ್ದವ್ವ ನನ್ನ ಕೈ ಹಿಡಿದಳು.

“ಉಲ್ಟಾ ಬಂದದ್ದು ಉಳಿಯೂದಿಲ್ಲರಿ. ಮೊದಲ ಅದನ್ನ ತಿರುಗಿಸ್ರಿ.”

ತಿರುಗಿಸಾಕ ಒಳಗ ಜಾಗಾನೂ ಇರಲಿಲ್ಲ, ನಮಗ ವ್ಯಾಳ್ಯಾನೂ ಇರಲಿಲ್ಲ. ಎಂದೋ ಮಾಸಪತ್ರಿಕಿಯೊಳಗ ಓದಿದ್ದು ಬಾಯಿಗೆ ಬಂತು.

“ಯವ್ವಾ, ಸಮುದ್ರದಾಗ ತಿಮಿಂಗಿಲ ಅಂತ ಐತಿ. ಮೀನಿನಂಗ ಕಂಡ್ರೂ ಮೀನಲ್ಲ. ಎಮ್ಮಿಯಂಗ ಈತೈತಿ, ಮರಿಗೆ ಹಾಲುಣಸತೈತಿ. ಅದರ ಮರಿ ಹೆಚ್ಚಾಗಿ ಬಾಲಾ ಮುಂದ ಮಾಡೇ ಹುಟ್ಟತಾವು, ಉಳೀತಾವು.”

“ನೀರಾಗ ಉಸಿರು ಹೆಂಗರಿ?”

“ಹುಟ್ಟಿದ ಕೂಡಲೇ ಮ್ಯಾಲ ಬಂದು ಉಸಿರಾಡತಾವು.”

ಸಿದ್ದವ್ವ ನನ್ನ ಕೈ ಬಿಟ್ಟಳು.

“ಆಕಿ ಒಬ್ಬಾಕೀನ ನೀರಾಗ ಹಡೀತಾಳಂದ್ರ, ಇದಕ್ಕ ನಾವು ಇಬ್ಬರು ಅದೀವಿ. ಎಳೀರಿ,” ಅಂತ ತಾನೂ ಹಗ್ಗಕ್ಕ ಕೈ ಹಚ್ಚಿದಳು.

ಕರು ಬಂತು, ಆದ್ರ ಮಿಸುಕಲಿಲ್ಲ. ಮೂಗು ಒರಸಿ, ಹುಲ್ಲಿಲೆ ಎದಿ ತಿಕ್ಕಿದಿವಿ. ಸಿದ್ದವ್ವ ಅಳಾಕ ಬಾಯಿ ತೆಗಿಯೂದರಾಗ ಅದು ಸೀನಿತು.

ಮರುದಿನ ಆಕಿ ದವಾಖಾನಿಗೇ ಗಿಣ್ಣ ಕಾಸಿ ತಂದಳು. ಬಟ್ಟಲಾ ನನ್ನ ಕೈಗೆ ಕೊಟ್ಟು ಕೇಳಿದಳು: “ಆ ಸಮುದ್ರದಾಕಿ ಹಾಲು ಉಪ್ಪ ಇರತಾವೇನ್ರಿ?”

“ಸ್ವಲ್ಪ,” ಅಂದೆ, ಭಾಳ ಬಲ್ಲವರಂಗ. ನಾ ಅಲ್ಲೀತನಕ ನೋಡಿದ್ದ ಉಪ್ಪುನೀರಂದ್ರ ನಮ್ಮ ಡೋಣಿ ಹೊಳಿ ಒಂದ.