ಯಾರ ಅಂಗಡಿಯಲ್ಲೂ ಇಡದ ಲೆಕ್ಕ

ಸವಣೂರಿನ ಎಲೆ ಚಾಚಾರ ಬೆರಳ ತುದಿಗಳು ಸದಾ ನೆನೆದು ಸುಕ್ಕುಗಟ್ಟಿರುತ್ತಿದ್ದವು. ಬೆಳಗಾದರೆ ವೀಳ್ಯದೆಲೆಯ ಪೆಂಡಿಗಳಿಗೆ ನೀರು ಚಿಮುಕಿಸುವ ಕೈ ಅದು. ಏನೇ ಕೇಳಿ, ಒಂದು ಸಾಲು ಪೆಂಡಿಗೆ ನೀರು ಬಿದ್ದ ಮೇಲೆಯೇ ಉತ್ತರ. ನನ್ನಂಥ ಅವಸರದವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಹಾನಗಲ್ಲಿನ ಬಾಡಿಗೆ ಕೋಣೆಯಲ್ಲಿ ನಾನೂ ಗೆಳತಿಯೂ ಎಲೆ ವ್ಯಾಪಾರಿಗಳಿಗೆಂದು ಒಂದು ಸಾಫ್ಟ್‌ವೇರ್ ಮಾಡಿದ್ದೆವು. ಯಾವ ತೋಟದ ಎಲೆ ಬಂತು, ಯಾವ ಊರಿಗೆ ಹೋಯಿತು, ಎಲ್ಲ ಅದರಲ್ಲಿ. ಶಿಗ್ಗಾಂವಿ, ಹಿರೇಕೆರೂರಿನ ವ್ಯಾಪಾರಿಗಳು "ಮದ್ಲ ಚಾಚಾ ತಗೊಳ್ಳಲಿ, ಆಮ್ಯಾಲೆ ನೋಡೂಣು" ಎಂದು ಕೂತಿದ್ದರು. ಚಾಚಾ ಒಲ್ಲೆ ಎಂದರೆ ನಮ್ಮ ಕೋಣೆಗೆ ಬೀಗ.

ಅವರ ಅಂಗಡಿಯ ಕಂಪ್ಯೂಟರಿಗೇ ಹಾಕಿಕೊಟ್ಟು ಕೈತೊಳೆದುಕೊಳ್ಳುವ ಆಸೆ ನನಗೆ. ನಮ್ಮ ಸರ್ವರಿನಲ್ಲಿಟ್ಟು ಅವರಿಗೆ ಇಂಟರ್‌ನೆಟ್ಟಿನಲ್ಲಿ ತೆರೆದುಕೊಟ್ಟರೆ ದಿನಾ ನಾವೇ ಕಾಯಬೇಕು, ಕೆಟ್ಟರೆ ನಾವೇ ಬೈಸಿಕೊಳ್ಳಬೇಕು. ಆ ಉಸಾಬರಿ ಯಾರಿಗೆ ಬೇಕು?

ಹಾಕಲು ಹೋದ ದಿನವೇ ಜಗಳ. ಚಾಚಾರ ಇಬ್ಬರು ಮಕ್ಕಳು ಆಗಲೇ ಬೇರೆ ಬೇರೆ ಅಂಗಡಿ ಹಾಕಿದ್ದರು. ಎಲೆ ಕೊಡುವ ತೋಟದವರು ಮಾತ್ರ ಇಬ್ಬರಿಗೂ ಅಪ್ಪನ ಕಾಲದವರೇ, ಹಾಗಾಗಿ ಲೆಕ್ಕವೂ ಒಂದೇ.

"ಕಂಪ್ಯೂಟರ್ ನನ್ನ ಅಂಗಡ್ಯಾಗ ಇರ್ಲಿ," ಎಂದ ಹಿರಿಯ.

"ಹೌದಪಾ, ಆಮ್ಯಾಲೆ ನಾ ನಿನ್ನ ಬಾಗಲ್ದಾಗ ನಿಂತು ಕೇಳ್ಬೇಕಲ್ಲ!" ಎನ್ನುತ್ತ ಕಿರಿಯ ಎಲೆಬುಟ್ಟಿಯನ್ನು ಒದ್ದೇಬಿಟ್ಟ.

ಎಲೆಗೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಅಂಗಡಿ ಅದು. ಚಾಚಾ ಬಗ್ಗಿ ಎಲೆ ಆರಿಸಿಕೊಂಡು ಕಣ್ಣಿಗೊತ್ತಿ, ನನ್ನ ಕಡೆ ತಿರುಗಿದರು.

"ಬೇಟಿ, ಇದನ್ನ ಯಾರ ಅಂಗಡ್ಯಾಗೂ ಇಡದಂಗ ಮಾಡಾಕ ಬರ್ತೈತೇನು?"

"ಬರ್ತೈತ್ರಿ ಚಾಚಾ, ನಮ್ಮ ಸರ್ವರಿನ್ಯಾಗ ಇಡಬೇಕ್ರಿ. ಆದ್ರ..."

"ಹಂಗ ಮಾಡು. ಇಬ್ರೂ ತಮ್ಮ ತಮ್ಮ ಅಂಗಡ್ಯಾಗ ಕುಂತು ನೋಡ್ಲಿ. ನಾ ಇಲ್ಲದಾಗ ಒಬ್ಬಾಂವ ಬಂದು ಯಾರ ಹೆಸರು ತಗಿ ಅಂದ್ರೂ ತಗೀಬ್ಯಾಡ. ಇಬ್ರೂ ಕೂಡಿ ಬರ್ಬೇಕು."

"ನಿಮ್ಮ ಮನಿ ಜಗಳದಾಗ ನಾ ಯಾಕ್ರಿ?" ಎಂದು ಸಿಡುಕಿದೆ.

"ನೀ ನಮ್ಮ ಮನ್ಯಾಕಿ ಅಲ್ಲಲ್ಲ, ಅದಕ್ಕ."

ಒಪ್ಪಿಕೊಂಡೆ. ಅವರ ಮಾತಿನ ಮೇಲೆ ಉಳಿದ ಊರಿನವರೂ ತಗೊಂಡರು. ನಮ್ಮ ಅನ್ನ ಹುಟ್ಟಿದ್ದೇ ಹಾಗೆ. ಸರ್ವರ್ ಕೆಟ್ಟು ನಿಂತಾಗಲೆಲ್ಲ ಬೆಳಿಗ್ಗೆ ಮೊದಲ ಫೋನು ಅವರದೇ: "ನಿನ್ನ ಎಮ್ಮಿ ಮತ್ತ ಮಲಗೇತಿ ನೋಡು, ಎಬ್ಬಿಸು!" ಸಿಟ್ಟು ಬರುತ್ತಿತ್ತು, ನಗುವೂ ಬರುತ್ತಿತ್ತು.

ಕಳೆದ ಚಳಿಗಾಲ ಚಾಚಾ ತೀರಿಕೊಂಡರು. ಮಣ್ಣಾದ ಕೆಲವೇ ದಿನಕ್ಕೆ ಹಿರಿಯ ಮಗ ಹಾನಗಲ್ಲಿಗೆ ಬಂದ.

"ತಮ್ಮನ ಹೆಸರು ತಗದ್ಬಿಡ್ರಿ. ಇಲ್ಲಂದ್ರ ನಾ ಬಿಡ್ತೇನಿ, ಹಿರೇಕೆರೂರಿನವ್ರಿಗೂ ಬಿಡಸ್ತೇನಿ."

ಗೆಳತಿ ನನ್ನ ಮುಖ ನೋಡಿದಳು.

"ತಮ್ಮನ್ನ ಕರ್ಕೊಂಡು ಬರ್ರಿ," ಎಂದೆ.

ಅವನು ದುರುಗುಟ್ಟಿ ನೋಡಿ ಹೊರಟುಹೋದ. ಹೇಳಿದ ಹಾಗೇ ಮಾಡಿದ. ಹಿರೇಕೆರೂರಿನವರು ಬಿಟ್ಟರು, ಕೋಣೆಯ ಬಾಡಿಗೆ ಈಗ ಮತ್ತೆ ಭಾರ. ಬೆಳಗಾದರೆ ಕಿರಿಯನ ಎಲೆಯ ಲೆಕ್ಕ ಬರುತ್ತದೆ, ಹಿರಿಯನ ಜಾಗ ಖಾಲಿ. ಆದರೂ ಅವನ ಹೆಸರನ್ನು ನಾನು ತೆಗೆದಿಲ್ಲ. ಬಿಡುತ್ತೇನೆ ಎಂದು ಹೇಳಿದವನು ಅವನೊಬ್ಬನೇ ತಾನೇ, ಇಬ್ಬರೂ ಕೂಡಿ ಬಂದಿಲ್ಲವಲ್ಲ?